ಒಂದು ಅಮೈನೋ ಆಮ್ಲ ಬದಲಾದರೆ ಕೀಲು ಯಾಕೆ ಜಾರುತ್ತದೆ?

ಪ್ರಶ್ನೆ: ನಾನು ಬಿಎಸ್ಸಿ ಓದುತ್ತಿದ್ದೇನೆ. ಕಿಣ್ವ ಬೀಗ, ಅದು ಹಿಡಿಯುವ ವಸ್ತು ಕೀಲಿಕೈ ಅಂತ ಕ್ಲಾಸಲ್ಲಿ ಹೇಳಿಕೊಟ್ಟರು. ಆದರೆ ಪ್ರೋಟಿಯೋಗ್ಲೈಕನ್ ಪಾಠದಲ್ಲಿ, ಮುನ್ನೂರು ಚಿಲ್ಲರೆ ಅಮೈನೋ ಆಮ್ಲಗಳಲ್ಲಿ ಒಂದೇ ಒಂದು ಬದಲಾದರೂ ಮಗುವಿನ ಮೂಳೆ, ಕೀಲು ಎಲ್ಲ ಕೆಡಬಹುದು ಅಂತ ಇದೆ. ಅದು ಹೇಗೆ ಸಾರ್? ಇನ್ನೊಂದು, ಅಮ್ಮ ಮಂಡಿನೋವಿಗೆ ಗ್ಲೂಕೋಸಮೈನ್ ಮಾತ್ರೆ ತಗೊಳ್ತಿದ್ದಾರೆ. ಅದರಿಂದ ಇದೇ ಸಕ್ಕರೆ ಸರಪಳಿ ಬೆಳೆಯುತ್ತದಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬೀಗ-ಕೀಲಿಕೈ ಕಥೆ ಪರೀಕ್ಷೆಗೆ ಸಾಕು, ಇಲ್ಲಿಗೆ ಸಾಲದು.

ಪ್ರೋಟಿಯೋಗ್ಲೈಕನ್ ಅಂದರೆ ಉದ್ದುದ್ದ ಸಕ್ಕರೆ ಸರಪಳಿ ಜೋತುಬಿದ್ದಿರುವ ಪ್ರೋಟೀನು. ಮಂಡಿಯ ಮೆದುಮೂಳೆಯಲ್ಲಿರುವ ಅಗ್ರಿಕ್ಯಾನ್ ಎಂಬ ಪ್ರೋಟಿಯೋಗ್ಲೈಕನ್‌ಗೆ ಇಂಥ ಸರಪಳಿ ಸುಮಾರು ನೂರು ಇರುತ್ತವೆ. ಅವು ನೀರು ಹಿಡಿದಿಟ್ಟುಕೊಳ್ಳುವುದರಿಂದಲೇ ನಾವು ಧೊಪ್ಪನೆ ಹಾರಿದರೂ ಮಂಡಿ ತಡೆದುಕೊಳ್ಳುತ್ತದೆ. ಸರಪಳಿ ಪ್ರೋಟೀನಿಗೆ ನೇರವಾಗಿ ಅಂಟುವುದಿಲ್ಲ. ಮೊದಲು ಸೆರಿನ್ ಎಂಬ ಅಮೈನೋ ಆಮ್ಲದ ಮೇಲೆ ನಾಲ್ಕು ಸಕ್ಕರೆಗಳ ಕೊಂಡಿ ಬೇಕು: ಕ್ಸೈಲೋಸ್, ಗ್ಯಾಲಕ್ಟೋಸ್, ಮತ್ತೊಂದು ಗ್ಯಾಲಕ್ಟೋಸ್, ಆಮೇಲೆ ಗ್ಲುಕುರಾನಿಕ್ ಆಮ್ಲ. ಕಾಂಡ್ರಾಯಿಟಿನ್ ಸಲ್ಫೇಟ್, ಹೆಪರಾನ್ ಸಲ್ಫೇಟ್ ಎಂಬ ಎರಡು ಬಗೆಯ ಸರಪಳಿಗೂ ಇದೇ ಕೊಂಡಿ. ಇದು ಕೈಕೊಟ್ಟರೆ ಎರಡಕ್ಕೂ ಪೆಟ್ಟು, ಅಲ್ವಾ?

ಎರಡನೇ ಸಕ್ಕರೆಯನ್ನು ಕೂರಿಸುವ ಕಿಣ್ವದ ಜೀನ್ ಹೆಸರು ಬಿ4ಜಿಎಎಲ್‌ಟಿ7. ಕಿಣ್ವದಲ್ಲಿರುವುದು 327 ಅಮೈನೋ ಆಮ್ಲ. ಕಡ್ಲೆಕಾಯಿ ಮಾರುವವರು ಪೇಪರ್ ಸುತ್ತಿ ಪೊಟ್ಟಣ ಮಾಡುವುದನ್ನು ನೋಡಿದ್ದೀರಲ್ಲ? ಚಪ್ಪಟೆ ಹಾಳೆಯ ಮೇಲೆ ಕಾಳು ನಿಲ್ಲುವುದಿಲ್ಲ, ಸುತ್ತಿದ ಮೇಲೇ ಒಳಗೆ ಜಾಗ ಹುಟ್ಟುವುದು. ಇಲ್ಲೂ ಹಾಗೇ. ಮೊದಲು ಮ್ಯಾಂಗನೀಸ್ ಅಯಾನು, ಅದರ ಜೊತೆ ಯುಡಿಪಿ ಎಂಬ ಹಿಡಿಕೆಗೆ ಸಿಕ್ಕಿಸಿದ ಗ್ಯಾಲಕ್ಟೋಸ್ ಬಂದು ಕೂರುತ್ತವೆ. ಆಗ ಕಿಣ್ವದ ಒಂದು ಸಡಿಲ ಎಳೆ ಮಡಚಿಕೊಂಡು ಅವನ್ನು ಮುಚ್ಚುತ್ತದೆ, ಹಾಗೆ ಮುಚ್ಚಿದ ಮೇಲೇ ಕ್ಸೈಲೋಸ್ ಕೂರುವ ಗೂಡು ಸಿದ್ಧವಾಗುತ್ತದೆ. ಕೀಲಿಕೈ ಬಂದ ಮೇಲೆ ತೂತು ಕೊರೆದುಕೊಳ್ಳುವ ಬೀಗ ಇದು!

ಈಗ ತಪ್ಪಿನ ವಿಷಯ. ಹಿಂದೂ ಮಹಾಸಾಗರದಲ್ಲಿ, ಮಾರಿಷಸ್ ಪಕ್ಕ, ಫ್ರಾನ್ಸಿಗೆ ಸೇರಿದ ರಿಯೂನಿಯನ್ ದ್ವೀಪ ಇದೆ. ಅಲ್ಲಿ ಕೆಲವು ಮಕ್ಕಳು ಕುಳ್ಳಗೆ ಬೆಳೆಯುತ್ತಾರೆ, ಕೀಲುಗಳು ಪದೇ ಪದೇ ಜಾರುತ್ತವೆ. 2015ರಲ್ಲಿ ಕಾರಣ ಹೊರಬಂತು: ಇದೇ ಕಿಣ್ವದ 270ನೇ ಜಾಗದಲ್ಲಿ ಆರ್ಜಿನಿನ್ ಬದಲು ಸಿಸ್ಟೀನ್. ಆರ್ಜಿನಿನ್ ಉದ್ದ, ಧನ ವಿದ್ಯುದಂಶ ಹೊತ್ತದ್ದು. ಸಿಸ್ಟೀನ್ ಗಿಡ್ಡ, ಆ ವಿದ್ಯುದಂಶವೂ ಇಲ್ಲ. ಕಿಣ್ವ ಪೂರ್ತಿ ಸಾಯುವುದಿಲ್ಲ, ಕ್ಸೈಲೋಸ್ ಇರುವ ತುದಿಯ ಮೇಲಿನ ಹಿಡಿತ ಮಾತ್ರ ಸಡಿಲವಾಗುತ್ತದೆ. ಕೊಂಡಿ ಸರಿಯಾಗಿ ಕೂರದಿದ್ದರೆ ಮೂಳೆ, ಕೀಲುಗಳಿಗೆ ಬೇಕಾದ ಸರಪಳಿಯೂ ಕಡಿಮೆಯಾಗುತ್ತದೆ.

206ನೇ ಜಾಗದಲ್ಲಿ ಲ್ಯೂಸಿನ್ ಹೋಗಿ ಪ್ರೋಲಿನ್ ಬಂದರೆ ಮಾತ್ರ ಕಥೆ ಬೇರೆ. ಪ್ರೋಲಿನ್ ಬಿಗಿ ಸ್ವಭಾವದ್ದು, ತನಗೆ ಬೇಕಾದ ಹಾಗೇ ಎಳೆಯನ್ನು ತಿರುಗಿಸುತ್ತದೆ. ಕಿಣ್ವದ ಕೆಲಸವೇ ನಿಂತುಹೋಗುತ್ತದೆ. 1987ರಲ್ಲಿ ವರದಿಯಾದ ಒಬ್ಬ ಹುಡುಗನಿಗೆ, ಅಪ್ಪ-ಅಮ್ಮನಿಂದ ಒಂದೊಂದರಂತೆ ಬರುವ ಜೀನಿನ ಎರಡು ಪ್ರತಿಗಳಲ್ಲಿ ಒಂದು ಹೀಗೆ ಕೆಟ್ಟಿತ್ತು. ಇನ್ನೊಂದು ಪ್ರತಿಯಲ್ಲಿ 186ನೇ ಜಾಗ ಬದಲಾಗಿತ್ತು, ಆದರೆ ಅದರಲ್ಲಿ ಸ್ವಲ್ಪ ಜೀವ ಉಳಿದಿತ್ತು. ಹಾಗಾಗಿ "ಒಂದು ಬದಲಾದರೆ ಎಲ್ಲ ಕೆಡುತ್ತದೆ" ಅಂತ ಬರೆಯಬೇಡಿ, ಎಲ್ಲಿ ಬದಲಾಯಿತು, ಏನು ಬಂತು ಅಂತ ಬರೆಯಿರಿ, ಮಾರ್ಕ್ಸ್ ಜಾಸ್ತಿ ಬರುತ್ತೆ.

ಅಮ್ಮನ ಮಾತ್ರೆ: ವಯಸ್ಸಾದ ಮೇಲಿನ ಮಂಡಿನೋವು ಇಂಥ ಹುಟ್ಟುದೋಷ ಅಲ್ಲ. ಗ್ಲೂಕೋಸಮೈನನ್ನು ದೇಹ ಗ್ಲೂಕೋಸ್‌ನಿಂದ ತಾನೇ ಮಾಡಿಕೊಳ್ಳುತ್ತದೆ, ಸರಪಳಿ ಕಟ್ಟುವ ಸಾಮಾನಿಗೆ ಬರ ಇಲ್ಲ. 2006ರಲ್ಲಿ ಅಮೆರಿಕದಲ್ಲಿ 1,583 ಜನರ ಮೇಲೆ ಪರೀಕ್ಷೆ ಮಾಡಿದಾಗ, ಒಟ್ಟಾರೆ ನೋಡಿದರೆ ಅದು ಸುಮ್ನೆ ಕೊಡುವ ಹುಸಿಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ. ನಾನಾಗಿದ್ದರೆ ಆ ದುಡ್ಡನ್ನು ಫಿಸಿಯೋಥೆರಪಿಗೆ ಹಾಕುತ್ತಿದ್ದೆ. ಆದರೂ ನಿಲ್ಲಿಸುವ ಮೊದಲು ಅವರ ಡಾಕ್ಟರನ್ನು ಒಂದು ಮಾತು ಕೇಳಿ.