ಯಾದಿ ಬರದ್ರ ಕೆಲಸ ಆಕ್ಕೈತೇನು?

ಬಾಗಲಕೋಟಿ ನವನಗರದಿಂದ ಓದುಗರೊಬ್ಬರು ಬರದಾರ, ಹೆಸರು ಹಾಕಬ್ಯಾಡ್ರಿ ಅಂದಾರ. ಪತ್ರ ದೊಡ್ಡದೈತಿ, ಸಾರ ಇಷ್ಟು: ದೀಪಾವಳಿ ಮುಂದ ಅತ್ತಿಯವರಿಗೆ ಲಕ್ವಾ ಹೊಡದು ಬಲಗೈ ಬಲಗಾಲು ಬಿದ್ದಾವು, ಅದ ತಿಂಗಳದಾಗ ಮನಿ ಮಾಲಕರು ಮಗನ ಮದುವಿ ಐತಿ ಖಾಲಿ ಮಾಡ್ರಿ ಅಂದ್ರು, ಮಗಳದು ಈ ವರ್ಷ ಎಸ್ಸೆಸ್ಸೆಲ್ಸಿ. ದಿನಾ ರಾತ್ರಿ ಡೈರ್‍ಯಾಗ ಮಾಡಬೇಕಾದ ಕೆಲಸದ ಯಾದಿ ಬರೀತಾರಂತ. ಮೊದಮೊದಲು ಬರದ್ರ ಹಗುರ ಆಗತಿತ್ತು, ಈಗ ಯಾದಿ 63ನೇ ನಂಬರಿಗೆ ಹೋಗಿ ಡೈರಿ ತೆಗದ್ರ ಸಾಕು ಎದಿ ಡವಡವ ಅಂತೈತಿ. ಯಜಮಾನ್ರು "ಯಾದಿ ಬರದ್ರ ಕೆಲಸ ಆಕ್ಕೈತೇನು?" ಅಂತ ನಗತಾರ. "ಇದು ಚಟಾನೋ ರೋಗಾನೋ ಹೇಳ್ರಿ" ಅಂತ ಕೇಳ್ಯಾರ. ಯಾದೀನೂ ನಕಲು ಮಾಡಿ ಜೋಡಿಗೆ ಕಳಿಸ್ಯಾರ.

ಅಕ್ಕಾರ, ಮೊದಲ ಯಜಮಾನ್ರ ಪ್ರಶ್ನೆ ಮುಗಿಸಿಬಿಡೂಣು. ಆಗೂದಿಲ್ಲ. ಬರದ ಮಾತ್ರಕ್ಕ ಒಂದು ಕೆಲಸಾನೂ ಆಗೂದಿಲ್ಲ, ಅವರು ಹೇಳೋದು ಖರೇನ ಐತಿ. ಆದ್ರ ಆ ಕೆಲಸ ರಾತ್ರಿ ಎರಡಕ್ಕ ಎದ್ದು ಬಂದು ನಿಮ್ಮ ದಿಂಬಿನ ಬಾಜೂಕ ಕುಂದರೂದು ಕಡಿಮಿ ಆಕ್ಕೈತಿ, ಅಷ್ಟಕ್ಕ ಯಾದಿ ಬೇಕು.

ನಮ್ಮ ಕಡೆ ಯಾದಿ ಅಂದ್ರ ಮದುವೀನ ನೆನಪಾಗೋದು. ಎರಡೂ ಕಡೆ ಹಿರ್‍ಯಾರು ಜಮಖಾನಿ ಮ್ಯಾಲ ಕುಂತು ಹಾಳಿಗೆ ಅರಿಷಿಣ ಹಚ್ಚಿ ಸೀರಿ ಯಾರ್‍ಯಾರಿಗೆ, ಊಟ ಯಾರ ಕಡೆ ಅಂತ ಬರಸ್ತಾರ (ವರದಕ್ಷಿಣೆ ಯಾದಿ ಬ್ಯಾರೆ, ಅದನ್ನ ಅಲ್ಲೇ ಹರದು ಒಗೀಬೇಕು). ಅಲ್ಲೀತನಕ ಕಾಕಾ ಒಂದು ಅಂತಿರ್ತಾನ, ಸ್ವಾದರಮಾವ ಒಂದು ಅಂತಿರ್ತಾನ, ಹಾಳಿ ಮ್ಯಾಲ ಬಿತ್ತಂದ್ರ ಎಲ್ಲಾರೂ ಚಾ ಕುಡದು ಮಳಿ ಬೆಳಿ ಮಾತಿಗೆ ಇಳೀತಾರ. ತಲ್ಯಾಗೂ ಹಂಗ ಒಬ್ಬ ಕಾಕಾ ಇರ್ತಾನ್ರಿ, ಬರಕೊಳ್ಳೋ ತನಕ ಅಂವ ಬಾಯಿ ಮುಚ್ಚೂದಿಲ್ಲ.

ಇದನ್ನ ಪರೀಕ್ಷಾ ಮಾಡಿ ನೋಡಿದವರೂ ಅದಾರ. ಅಮೆರಿಕಾದ ಟೆಕ್ಸಾಸ್‌ನಾಗ ಬೇಲರ್ ಯೂನಿವರ್ಸಿಟಿಯವರು 57 ಹುಡುಗ ಹುಡುಗ್ಯಾರನ್ನ ನಿದ್ದಿ ಲ್ಯಾಬ್‌ನಾಗ ಮಲಗಿಸಿ, ಮಲಗೋ ಮುಂದ 5 ನಿಮಿಷ ಅರ್ಧ ಮಂದಿ ಕಡೆ ಮುಂದ ಮಾಡಬೇಕಾಗಿದ್ದ ಕೆಲಸದ ಯಾದಿ ಬರಿಸಿದ್ರು, ಉಳದವರ ಕಡೆ ಆಗಲೇ ಮುಗಿಸಿದ ಕೆಲಸದ್ದು. ಮಾಡಬೇಕಾದ್ದು ಬರದವರಿಗೆ ಸರಾಸರಿ 9 ನಿಮಿಷ ಲಗೂ ನಿದ್ದಿ ಬಂತು, 2018ರಾಗ ಪ್ರಿಂಟ್ ಆಗೈತಿ. ಇದರಾಗ ನಂಗ ಹಿಡಿಸಿದ್ದು ಬ್ಯಾರೇನ ಒಂದು ಮಾತು: ಎಷ್ಟು ಬಿಡಿಸಿ ಬಿಡಿಸಿ ಬರದ್ರೋ ಅಷ್ಟು ಲಗೂ ನಿದ್ದಿ. ಇಲ್ಲೇ ನಿಮ್ಮ ಯಾದಿ ಎಡವೈತಿ ನೋಡ್ರಿ. 9ನೇ ನಂಬರ್ "ಮನಿ ನೋಡೋದು" ಅಂತ ಐತಿ. ಅದು ಒಂದು ಕೆಲಸ ಅಲ್ಲ, ಎರಡು ತಿಂಗಳ ತಿರುಗಾಟ, ಅದನ್ನ ದಿನಾ ನೋಡಿದ್ರ ಎದಿ ಡವಡವ ಅನ್ನದ ಏನ್ ಮಾಡೀತು. "ಗುರುವಾರ ಸಂಜಿ 5ಕ್ಕ ಎರಡು ಮನಿ, ಕೆಳಗಿನ ಮಜಲ, ಬಚ್ಚಲಕ್ಕ ಹೊಸ್ತಿಲಾ ಎಷ್ಟು ಎತ್ತರ, ಕಮೋಡ್ ಐತೇನು" ಅಂತ ಬರೀರಿ, ಗುರುವಾರತನಕ ಆ ಸಾಲು ನಿಮ್ಮನ್ನ ಕಾಡೂದಿಲ್ಲ.

ಇನ್ನೊಂದು ಸಂಗತಿ ಹೇಳ್ತೀನಿ, ಇದು ಲ್ಯಾಬಿನದಲ್ಲ. 2019ರ ಆಗಸ್ಟ್‌ನಾಗ ಘಟಪ್ರಭಾ ಏರಿದಾಗ ಮುಧೋಳ ತಾಲೂಕಿನ ಹೊಳಿ ದಂಡಿ ಊರಾಗ ನಮ್ಮಕ್ಕನ ಮನಿ ಮುಂದ ಟ್ರ್ಯಾಕ್ಟರ್ ನಿಂತಿತ್ತು. ಮಂದಿ ಎಲ್ಲಾ ಅತ್ತಿಂದಿತ್ತ ಓಡ್ಯಾಡಾಕತ್ತಿದ್ರು, ಒಬ್ಬರು ತಂದದ್ದನ್ನ ಇನ್ನೊಬ್ಬರು ಒಳಗ ಇಡಾಕತ್ತಿದ್ರು. ಅಕ್ಕನ ಅತ್ತಿ, ಒಂದಕ್ಷರ ಓದದ ಮುದುಕಿ, ಕಟ್ಟಿ ಮ್ಯಾಲ ಕುಂತು ಮೊಮ್ಮಗಗ "ಬರ್ಕೋ" ಅಂದ್ಲು. ಅಂವ ಕ್ಯಾಲೆಂಡರಿನ ಹಾಳಿ ಹರದು ಅದರ ಹಿಂದ ಬರದ: ಎಮ್ಮಿ ಬಿಚ್ಚೋದು, ಹೊಲದ ಉತಾರ, ರೇಷನ್ ಕಾರ್ಡು, ಬಿಪಿ ಗುಳಿಗಿ, ಜೋಳದ ಚೀಲ ಅಟ್ಟಕ್ಕ, ಗ್ಯಾಸ್ ಬಂದ್ ಮಾಡೋದು. ಆಮ್ಯಾಲ ಎಲ್ಲಾರೂ ಅದನ್ನ ಕೇಳಾಕತ್ತಿದ್ರಲ್ಲ, ಹುಡುಗ "ನೀರು ಎಲ್ಲೀತನಕ ಬರತೈತಿ" ಅಂತಾನೂ ಬರದು ಓದಿ ತೋರಿಸಿದ. ಮುದುಕಿ ಅಂದ್ಲು, "ಅದನ್ನ ಹೊಡದು ಹಾಕು, ಅದು ಹೊಳೀ ಕೆಲಸ, ನಮ್ಮದಲ್ಲ." ಅರ್ಧ ತಾಸಿನ್ಯಾಗ ಟ್ರ್ಯಾಕ್ಟರ್ ಬಿಡ್ತು. ಆಕಿ ಚಸ್ಮಾ ಮಾತ್ರ ಅಲ್ಲೇ ಗೂಡಿನ್ಯಾಗ ಉಳೀತು, ಯಾಕಂದ್ರ ಅದು ಯಾದ್ಯಾಗ ಇರಲಿಲ್ಲ, ನಮ್ಮನಿಗೆ ಬಂದು ಹದಿನೈದು ದಿನ ಅದಕ್ಕ ಬೈಕೋತ ಕುಂತಿದ್ಲು.

ಆ ಮಾತು ತಲ್ಯಾಗ ಇಟ್ಕೊಂಡು ನಿನ್ನೆ ರಾತ್ರಿ ನಿಮ್ಮ 63 ಸಾಲಿಗೆ ಪೆನ್ಸಿಲ್ ಹಿಡದೆ. ಅತ್ತಿ ಕೈ ಯಾವಾಗ ಸುಧಾರಸ್ತೈತಿ, ಮಗಳ ರಿಸಲ್ಟ್ ಏನಾಕ್ಕೈತಿ, ಮಾಲಕರು ಇನ್ನೊಂದು ತಿಂಗಳು ಬಿಡ್ತಾರೋ ಇಲ್ಲೋ, ನಾದಿನಿ ಏನ್ ಅನ್ಕೊಂಡಾಳು, ಹಿಂಗ 21 ಸಾಲು ಹೊಳೀ ಕೆಲಸ ಬಂದ್ವು ನೋಡ್ರಿ. ಅತ್ತಿ ಕೈ ಹೊಳೀದು, ಹೊತ್ತಿಗೆ ಸರಿಯಾಗಿ ಫಿಜಿಯೋಥೆರಪಿ ಮಾಡಿಸೋದು, ಬಿಪಿ ಗುಳಿಗಿ ತಪ್ಪದಂಗ ನೋಡೋದು ನಿಮ್ಮದು. ಮಾಲಕರ ಮನಸು ಹೊಳೀದು, ಹೋಗಿ ಒಮ್ಮೆ ಕೇಳೋದು ನಿಮ್ಮದು. ನಾದಿನಿದು ಪೂರಾ ಹೊಳಿಗೇ ಬಿಡ್ರಿ. ಉಳದದ್ದರಾಗೂ 12 ಸಾಲು ಯಜಮಾನ್ರು ಮಾಡಬಹುದಾದವು, ಗ್ಯಾಸ್ ಬುಕಿಂಗು, ಬ್ಯಾಂಕಿಂದು, ಸಾಮಾನು ಒಯ್ಯಾಕ ಟೆಂಪೋ. ಅವನ್ನ ಬ್ಯಾರೆ ಚೀಟಿ ಮಾಡಿ ಅವರ ಶರ್ಟಿನ ಕಿಸೇದಾಗ ಇಡ್ರಿ. ನಗೂದು ಎಷ್ಟು ದಿನ ನಡೀತೈತೋ ನೋಡೂಣು.

ಯಾದಿ ಅಂದ್ರ ತಿಳೀಲಾರದವರಿಗೆ ಅಂತ ಯಜಮಾನ್ರಿಗೆ ಅನಿಸಿರಬೇಕು. ಹೆರಿಗಿ ವೇಳ್ಯಾದಾಗ ಏನೇನು ತಪ್ಪಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 29 ಕೆಲಸದ ಒಂದು ಚೆಕ್‌ಲಿಸ್ಟ್ ಮಾಡಿತ್ತು, ಅದನ್ನ 2010ರಾಗ ನಮ್ಮ ಕರ್ನಾಟಕದ್ದ ಒಂದು ಹೆರಿಗಿ ಆಸ್ಪತ್ರ್ಯಾಗ ಹಚ್ಚಿ ನೋಡಿದ್ರು. ಅದಕ್ಕಿಂತ ಮೊದಲ ಒಂದು ಹೆರಿಗಿಗೆ 29ರಾಗ ಸರಾಸರಿ 10 ಕೆಲಸ ಆಗತಿದ್ವು, ಆಮ್ಯಾಲ 25. ಕೈ ತೊಳಕೊಳ್ಳೋದು ಸಿಸ್ಟರಿಗೆ ಗೊತ್ತಿರಲಿಲ್ಲ ಅಂತೇನಲ್ಲ, ಗಡಿಬಿಡ್ಯಾಗ ಗೊತ್ತಿದ್ದದ್ದ ಜಾರತೈತಿ. ಇದನ್ನ ಅವರಿಗೆ ಓದಿ ಹೇಳ್ರಿ.

ರೋಗಾನೋ ಅಂತ ಕೇಳೀರಿ. ಬರದು ಡೈರಿ ಮುಚ್ಚಿ ಮಲಗಾಕ ಆಗತಿದ್ರ ಅಲ್ಲ. ಅದ ಯಾದಿ ದಿನಕ್ಕ ನಾಕ ಸಲ ಚೊಕ್ಕ ಮಾಡಿ ಬರಿಯಾಕತ್ತೀರಿ, ಬರೀಲಿಕ್ಕಂದ್ರ ಕೈ ನಡಗತಾವು, ವಾರಗಟ್ಟಲೆ ನಿದ್ದಿ ಇಲ್ಲ, ಸುಮ್ಮಸುಮ್ಮಕ ಅಳು ಬರತೈತಿ ಅಂದ್ರ ಪತ್ರಿಕಿಗೆ ಬರಿಯೋದು ಬಿಟ್ಟು ಡಾಕ್ಟರ್‌ಗೆ ತೋರಸ್ರಿ. ಧಾರವಾಡದಾಗ ಡಿಮ್ಹಾನ್ಸ್ ಅಂತ ಸರಕಾರಿ ಮಾನಸಿಕ ಆಸ್ಪತ್ರಿ ಐತಿ, ಅಷ್ಟು ದೂರ ಈಗ ಆಗೂದಿಲ್ಲಂದ್ರ ಮನಸಿನ ಆರೋಗ್ಯಕ್ಕಂತ ಸರಕಾರ ಇಟ್ಟ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ಚಿದ್ರ ಕನ್ನಡದಾಗ ಮಾತಾಡ್ತಾರ, ರೊಕ್ಕ ಇಲ್ಲ. ಮನ್ಯಾಗ ಹಾಸಗಿ ಹಿಡದವರನ್ನ ನೋಡಿಕೊಳ್ಳೋರು ತಮ್ಮ ಹೆಸರು ಯಾದ್ಯಾಗ ಬರಿಯೂದ ಇಲ್ಲ, ನಿಮ್ಮ 63ರಾಗ ನಿಮ್ಮದು ಅಂತ ಒಂದು ಸಾಲೂ ನಂಗ ಸಿಗಲಿಲ್ಲ, ಮುದುಕಿ ಚಸ್ಮಾ ಕಥೀನ ಆತು.

ಪೆನ್ಸಿಲ್ ಹಚ್ಚಿದ ಯಾದಿ ಟಪಾಲಿಗೆ ಹಾಕೇನಿ. ಅದರ ಜೋಡಿ ತಪ್ಪಿ ಬಂದಿದ್ದ ನಿಮ್ಮ ಕಿರಾಣಿ ಚೀಟೀನೂ ಐತಿ. ತೊಗರಿಬ್ಯಾಳಿ 2 ಕೆಜಿ, ಶೇಂಗಾ ಎಣ್ಣಿ, ಬೆಲ್ಲ, ಆಮ್ಯಾಲ ಚಾ ಪುಡಿ ಎರಡು ಸಲ ಬರದೀರಿ.