ಕೆಂಪು ಚೇಳಿಗೆ ಎಷ್ಟು ಹೆಸರು?

ಪ್ರಶ್ನೆ: ಹಳೆಯ ಪುಸ್ತಕದಲ್ಲಿ ಕೆಂಪು ಚೇಳನ್ನು ‘ಮೆಸೋಬ್ಯೂತಸ್ ಟ್ಯಾಮುಲಸ್’ ಎಂದೂ ಹೊಸದರಲ್ಲಿ ‘ಹೊಟೆಂಟೋಟಾ ಟ್ಯಾಮುಲಸ್’ ಎಂದೂ ಕರೆದಿದ್ದಾರೆ. ಇವು ಬೇರೆ ಬೇರೆ ಚೇಳುಗಳೇ?
– ಓದುಗರೊಬ್ಬರು, ಕಾರ್ಕಳ, ಉಡುಪಿ ಜಿಲ್ಲೆ

ಉತ್ತರ: ಚೇಳು ಒಂದೇ. 1798ರಲ್ಲಿ ಪ್ರಾಣಿಶಾಸ್ತ್ರಜ್ಞ ಫ್ಯಾಬ್ರಿಸಿಯಸ್ ಇದನ್ನು ‘ಸ್ಕಾರ್ಪಿಯೊ ಟ್ಯಾಮುಲಸ್’ ಎಂದು ಹೆಸರಿಸಿದ ಮೇಲೆ, ತಜ್ಞರು ಮೈಮೇಲಿನ ಏಣುಗಳು, ಇಕ್ಕಳದ ಹಲ್ಲುಸಾಲು, ಸೂಕ್ಷ್ಮ ರೋಮಗಳ ಸ್ಥಾನ ಮುಂತಾದವನ್ನು ಹೋಲಿಸಿ ಕುಲವನ್ನು (ಹತ್ತಿರದ ಪ್ರಭೇದಗಳ ಗುಂಪು; ಹೆಸರಿನ ಮೊದಲ ಪದ) ಬದಲಾಯಿಸುತ್ತ ಬಂದರೂ, ಮೊದಲಿಟ್ಟ ‘ಟ್ಯಾಮುಲಸ್’ ನಿಯಮದಂತೆ ಉಳಿದಿದೆ. ಕುಲ ಬದಲಾದುದರ ಗುರುತಾಗಿ ಫ್ಯಾಬ್ರಿಸಿಯಸ್ ಹೆಸರನ್ನು ಆವರಣದೊಳಗೆ ಬರೆಯುತ್ತಾರೆ. ನಿಮ್ಮೂರ ಪಕ್ಕದ ಘಟ್ಟದ ದೊಡ್ಡ ಕರಿಚೇಳುಗಳ ವಿಚಾರ ಇನ್ನೂ ಸ್ವಾರಸ್ಯಕರ: 2020ರಲ್ಲಿ ‘ಹೆಟೆರೋಮೆಟ್ರಸ್’ ಕುಲವನ್ನು ಒಡೆದಾಗ ಪಶ್ಚಿಮಘಟ್ಟದ ಕೆಲವು ಪ್ರಭೇದಗಳು ‘ಸಹ್ಯಾದ್ರಿಮೆಟ್ರಸ್’ ಎಂಬ ಹೊಸ ಕುಲಕ್ಕೆ ಸೇರಿದವು. ಕೆಂಪು ಚೇಳಿನ ವಿಷಕ್ಕೆ ನೀಡುವ ಪ್ರಾಜೋಸಿನ್ ಎಂಬ ಔಷಧದ ಕುರಿತ ಹಲವು ವೈದ್ಯಕೀಯ ಲೇಖನಗಳು ಹಳೆಯ ಹೆಸರಿನಲ್ಲೇ ಇರುವುದರಿಂದ, ಹುಡುಕುವವರು ಎರಡನ್ನೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು.