ಕೀನ್ಯಾ ಪ್ರವಾಸದ ಲಸಿಕೆ: ‘ಇನ್ನೊಂದು ದಿನ ಬನ್ನಿ’ ಅಂದಿದ್ದೇಕೆ?

ಮೇಷ್ಟ್ರೇ, ಕೀನ್ಯಾ ಅಧ್ಯಯನ ಪ್ರವಾಸಕ್ಕೆ ಯೆಲ್ಲೋ ಫೀವರ್ (ಸೊಳ್ಳೆಯಿಂದ ಹರಡುವ ಹಳದಿ ಜ್ವರ) ಲಸಿಕೆ ಹಾಕಿಸಲು ಹೋದರೆ ವಾಪಸ್ ಕಳಿಸಿದರು ಅಂದಿರಲ್ಲ, ಬಹುಶಃ ಅವತ್ತು ಜನ ಸಾಲಲಿಲ್ಲ. ಒಂದೇ ಸೀಸೆಯಲ್ಲಿ ಹಲವರಿಗಾಗುವಷ್ಟು ಲಸಿಕೆ ಇರುತ್ತದೆ, ಆ ಪುಡಿಯನ್ನು ಒಮ್ಮೆ ದ್ರವದಲ್ಲಿ ಕಲಸಿದರೆ 6 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ವೇಸ್ಟು. ಅದಕ್ಕೇ ವಾರದಲ್ಲಿ ಇಂಥ ದಿನ ಅಂತ ಇಟ್ಟುಕೊಂಡಿರುತ್ತಾರೆ. ಬೆಂಗಳೂರಿನಲ್ಲಿ ಒಂದೊಂದು ಕೇಂದ್ರಕ್ಕೆ ಒಂದೊಂದು ದಿನ, ಸುಮ್ನೆ ಟ್ರಾಫಿಕ್‌ನಲ್ಲಿ ಒದ್ದಾಡಬೇಡಿ, ಮೊದಲು ಫೋನ್ ಮಾಡಿ ಕೇಳಿ. ಒರಿಜಿನಲ್ ಪಾಸ್‌ಪೋರ್ಟ್ ಒಯ್ಯಿರಿ. ಮೊಟ್ಟೆ ಅಲರ್ಜಿ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಲಸಿಕೆ ಹಾಕಿದ್ದಕ್ಕೆ ಪ್ರಮಾಣಪತ್ರವಾಗಿ ಕೊಡುವ ಹಳದಿ ಕಾರ್ಡಿನಲ್ಲಿ ಹೆಸರು, ಪಾಸ್‌ಪೋರ್ಟ್ ನಂಬರ್, ಸೀಲು ಅಲ್ಲೇ ನಿಂತು ನೋಡಿಕೊಳ್ಳಿ. ಚುಚ್ಚಿಸಿಕೊಂಡ 10 ದಿನದ ಮೇಲಷ್ಟೇ ಕಾರ್ಡು ಲೆಕ್ಕಕ್ಕೆ ಬರುತ್ತದೆ. ಅದಿಲ್ಲದೆ ವಾಪಸ್ ಬಂದರೆ ಏರ್‌ಪೋರ್ಟಿನಿಂದ ನೇರ ಕ್ವಾರಂಟೈನ್, 6 ದಿನದವರೆಗೂ. ನಾಳೆಯೇ ಫೋನ್ ಮಾಡಿ.